ಹಸಿ ಹಗ್ಗದ ಅಳತೆ

ನಮ್ಮ ಪತ್ರಿಕೆ ಹುಟ್ಟಿದ್ದೇ ತೊಗರಿಯ ಧೂಳಿನಲ್ಲಿ. ಬೀದರಿನ ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ಒಬ್ಬ ಅಡತಿ ವ್ಯಾಪಾರಿಯ ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು, ಅದನ್ನು ಅವರು ನಮಗೆ ಬಿಟ್ಟುಕೊಟ್ಟಿದ್ದರು. ಕೆಳಗೆ ಹಮಾಲರು ಚೀಲ ಎತ್ತಿ ಒಗೆದಾಗಲೆಲ್ಲ ಮೇಲೆ ನಮ್ಮ ಪ್ರೂಫಿನ ಹಾಳೆಗಳ ಮೇಲೆ ಹೊಟ್ಟು ಬಂದು ಕೂರುತ್ತಿತ್ತು. ಪೊಲೀಸ್ ಆಕ್ಷನ್ ಆಗಿ ಮೂರ್ನಾಲ್ಕು ವರ್ಷವಾಗಿತ್ತು. ನಿಜಾಮನ ಸಂಸ್ಥಾನ ಹೋಗಿ ಹೈದರಾಬಾದ್ ರಾಜ್ಯ ಬಂದಿತ್ತು, ಉರ್ದು ಸಾಲೆಗಳು ಒಂದೊಂದಾಗಿ ಕನ್ನಡಕ್ಕೆ ತಿರುಗುತ್ತಿದ್ದವು. ಆ ಹುರುಪಿನಲ್ಲಿ ನಾವು ನಾಲ್ಕೈದು ಮಂದಿ ಸೇರಿ ಈ ಸೀಮೆಯ ಕಲ್ಲು, ಕೋಟೆ, ಹಳೆಯ ಕಾಗದಪತ್ರಗಳ ಬಗ್ಗೆ ವರ್ಷಕ್ಕೆ ಎರಡು ಸಂಚಿಕೆ ತರುವ ಸಂಶೋಧನ ಪತ್ರಿಕೆ ಶುರು ಮಾಡಿದೆವು. ಓದುಗರೆಷ್ಟು ಎಂದು ಕೇಳಬೇಡಿ. ಬರೆಯುವವರೇ ಓದುವವರು, ಓದುವವರೇ ತೂಕ ಹಾಕುವವರು. ತಾಪತ್ರಯ ಬಂದದ್ದೂ ಅದರಿಂದಲೇ.

ಸಂಪಾದಕರು ನಿಜಾಮನ ಕಾಲದ ಅದಾಲತಿನಲ್ಲಿ ಪೇಶಕಾರರಾಗಿದ್ದವರು, ಅಂದರೆ ಜಡ್ಜರ ಮುಂದೆ ಕಾಗದ ಇಡುವ ಗುಮಾಸ್ತರು. ಎಲ್ಲರೂ ಅವರನ್ನು ಪೇಶಕಾರರು ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಸಾಕ್ಷಿದಾರರ ಮುಖ ನೋಡಿ ನೋಡಿ ಅವರಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಕಾಗದದ ಮೇಲೆ ಹೆಚ್ಚು. ಲೇಖನ ಬಂದ ಕೂಡಲೇ ಅದನ್ನು ತಮ್ಮ ಕೈಯಾರೆ ನಕಲು ಮಾಡಿ, ಬರೆದವರ ಹೆಸರು ತೆಗೆದು, ವಿಷಯ ಬಲ್ಲ ಒಬ್ಬರಿಗೆ ಓದಲು ಕಳಿಸುತ್ತಿದ್ದರು. ಜೊತೆಗೆ ಒಂದು ಚೀಟಿ. ಅದಕ್ಕೆ ನಾವು ಗರಜಿನ ಚೀಟಿ, ಅಂದರೆ ಸ್ವಂತ ಹಿತದ ಚೀಟಿ, ಎನ್ನುತ್ತಿದ್ದೆವು. ಈ ಲೇಖನ ಅಚ್ಚಾದರೆ ಅಥವಾ ಅಚ್ಚಾಗದಿದ್ದರೆ ನಿಮಗೇನಾದರೂ ಲಾಭ ಅಥವಾ ನಷ್ಟವಿದೆಯೇ, ಬರೆದವರ ಗುರುತು ಸಿಕ್ಕಿ ಅವರೊಡನೆ ನಂಟೋ ಜಗಳವೋ ಇದೆಯೇ? ಇದ್ದರೆ "ಗರಜ ಅದ" ಎಂದು ಬರೆದು ಸಹಿ ಮಾಡಿ ಕಟ್ಟು ವಾಪಸು ಕಳಿಸಬೇಕು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಇಲ್ಲದಿದ್ದರೆ "ಗರಜ ಇಲ್ಲ" ಎಂದು ಬರೆದು ಸಹಿ ಮಾಡಿ, ಆಮೇಲೆ ಓದಬೇಕು.

"ಗರಜ ಅದ ಅಂದವ ಕಳ್ಳ ಅಲ್ರಿ," ಎನ್ನುತ್ತಿದ್ದರು ಪೇಶಕಾರರು. "ಎಲ್ಲಾರಿಗೂ ಗರಜ ಇರ್ತದ. ಮುಚ್ಚಿಟ್ಟವ ಕಳ್ಳ."

ಕೋಣೆ ಕೊಟ್ಟ ವ್ಯಾಪಾರಿಯೇ ಒಮ್ಮೆ ಒಂದು ಲೇಖನ ತಂದರು. ತಮ್ಮ ಮುತ್ತಾತನ ಮುತ್ತಾತ ಬೀದರ ಕೋಟೆಗೆ ಧಾನ್ಯ ಒದಗಿಸುತ್ತಿದ್ದನಂತೆ, ಸುಲ್ತಾನರು ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ. ಆಧಾರ ಏನು ಎಂದರೆ ಅಜ್ಜಿ ಹೇಳಿದ್ದು. ಪೇಶಕಾರರು ಕಟ್ಟನ್ನು ಅವರ ಮುಂದೆಯೇ ಇಟ್ಟು, "ಕೋಣಿ ನಿಮ್ದು ಸೇಠಜಿ. ನಾಳಿ ಖಾಲಿ ಮಾಡ್ ಅಂದ್ರ ಮಾಡ್ತೇನಿ. ಪತ್ರಿಕಿ ನಿಮ್ದಲ್ರಿ," ಎಂದರು. ಎರಡು ದಿನ ಕೆಳಗಿನಿಂದ ಚಹಾ ಬರಲಿಲ್ಲ. ಮೂರನೆಯ ದಿನ ಚಹಾದ ಜೊತೆ ಭಜಿಯೂ ಬಂತು. ನಾವೆಲ್ಲ ನಕ್ಕೆವು. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನಾನು ಔರಾದ ಕಡೆಯ ಕುರಿಗಾರರ ಮನೆಯವನು. ನಮ್ಮಪ್ಪ ಕುರಿ ಕಾಯುತ್ತಿದ್ದ. ರಜಾಕಾರರ ಕಾಲದಲ್ಲಿ ಕುರಿ ಹೊಡೆದುಕೊಂಡು ಗಡಿ ದಾಟಿ ಹೋಗಿ, ಗದ್ದಲ ಮುಗಿದ ಮೇಲೆ ಅರ್ಧ ಹಿಂಡಿನೊಂದಿಗೆ ತಿರುಗಿ ಬಂದವರು ನಾವು. ನಾನು ಔರಾದದ ಸಾಲೆಯಲ್ಲಿ ಮಾಸ್ತರನಾಗಿದ್ದೆ. ರಜೆ ಸಿಕ್ಕರೆ ಸರ್ವೀಸ್ ಮೋಟಾರು ಹತ್ತಿ ಬೀದರಿಗೆ ಓಡುತ್ತಿದ್ದೆ.

ನನ್ನ ಗೆಳೆಯ ಭಾಲ್ಕಿಯವನು, ಅಲ್ಲಿನ ಉರ್ದು ಸಾಲೆಯ ಮಾಸ್ತರ. ನನಗಿಂತ ನಾಲ್ಕು ವರ್ಷ ದೊಡ್ಡವನು. ಪೊಲೀಸ್ ಆಕ್ಷನ್ ಆದ ವಾರದಲ್ಲಿ ಅವನ ಅಣ್ಣ ಹೊಲಕ್ಕೆ ಹೋದವನು ಮನೆಗೆ ಬರಲಿಲ್ಲ. ಅದರ ಬಗ್ಗೆ ಅವನು ನನ್ನ ಮುಂದೆ ಒಂದೇ ಸಲ ಮಾತಾಡಿದ. "ಅಣ್ಣನ ಚಪ್ಪಲ್ ಸಿಕ್ತು," ಎಂದ, ಅಷ್ಟೇ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಹಳೆಯ ಫಾರ್ಸಿ ಕಾಗದಗಳ ಗೀಚು ಬರಹವನ್ನು ಓದಲು ಕಲಿಸಿದವನು ಅವನು. ಬದಲಿಗೆ ನಾನು ಅವನಿಗೆ ಕನ್ನಡ ಅಕ್ಷರ ಕಲಿಸಿದೆ. ಬಾಯಲ್ಲಿ ಕನ್ನಡ ಮೊದಲಿನಿಂದಲೂ ಇತ್ತು, ಕೈಗೆ ಬರಬೇಕಾಗಿತ್ತು. ಮೂವತ್ತು ದಾಟಿದ ಗಂಡಸು ಪಾಟಿ ಹಿಡಿದುಕೊಂಡು ತನ್ನ ಮಗಳ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದುತ್ತಿದ್ದ. ಮಗಳು ಅವನಿಗಿಂತ ಮುಂದೆ ಹೋದರೆ ಮುನಿಸಿಕೊಳ್ಳುತ್ತಿದ್ದ.

ಅವನಿಗೆ ನೌಬಾದದ ಸುರಂಗದ ಹುಚ್ಚು. ನೌಬಾದದ ಕೆಂಪು ಕಲ್ಲಿನ ನೆಲದ ಅಡಿ ಹಳೆಯ ಕಾಲದ ನೀರಿನ ಸುರಂಗವೊಂದಿದೆ, ಮೇಲಿನಿಂದ ಅದಕ್ಕೆ ಸಾಲಾಗಿ ಬಾವಿಗಳನ್ನು ಇಳಿಸಿದ್ದಾರೆ. ಆ ನೀರು ಕೋಟೆಗೆ ಹೋಗುತ್ತಿತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಅಲ್ಲ, ಅದು ಬಂದವರು ಹೋದವರು ಇಳಿಯುವ ಸರಾಯಿ ಎಂಬ ಛತ್ರಕ್ಕೂ ಅದರ ಸುತ್ತಲಿನ ಬಡವರ ಕೇರಿಗೂ ಮಾಡಿಸಿದ ನೀರು ಎಂದು ಇವನ ವಾದ. ಪ್ರತಿ ಬಾವಿಯ ಆಳ ಅಳೆದು ಸುರಂಗದ ಇಳಿಜಾರು ಯಾವ ಕಡೆಗಿದೆ ಎಂದು ತೋರಿಸಿದರೆ ವಾದ ಗೆದ್ದಂತೆ.

ಅಳೆಯಲು ಹಗ್ಗ ತಂದವನು ನಾನು. ನಮ್ಮಪ್ಪ ಕುರಿಹಟ್ಟಿಗೆಂದು ಹೊಸೆದ ಪುಂಡಿ ನಾರಿನ ಹಗ್ಗ. ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದೆವು. ಒಂದು ಬೇಸಿಗೆಯ ರಜೆಯಲ್ಲಿ ನಾನು ಹಗ್ಗ ಇಳಿಬಿಡುವುದು, ಅವನು ಗಂಟು ಎಣಿಸಿ ಬರೆದುಕೊಳ್ಳುವುದು. ಆರನೆಯ ಬಾವಿಯಲ್ಲಿ ಹಗ್ಗ ನನ್ನ ಕೈ ಜಾರಿ ಪೂರಾ ನೀರಿಗೆ ಬಿತ್ತು. ದಂಡೆಯಲ್ಲಿ ಬೋರಲು ಬಿದ್ದು, ಕೊಕ್ಕೆ ಹಾಕಿ ಎತ್ತುವಷ್ಟರಲ್ಲಿ ಇಬ್ಬರ ಅಂಗಿಯೂ ಕೆಂಪಾಗಿತ್ತು. "ಕುರಿ ಹಿಡ್ಯೋ ಕೈಯಾಗ ಹಗ್ಗ ನಿಲ್ಲಲ್ಲೇನ್ರಿ ಮಾಸ್ತರ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇ ಹಸಿ ಹಗ್ಗದಿಂದ ಏಳನೆಯ ಬಾವಿಯನ್ನೂ ಅಳೆದೆವು. ಹೊತ್ತು ಮುಳುಗುತ್ತಿತ್ತು, ಹೊಟ್ಟೆ ಹಸಿದಿತ್ತು. ಅಲ್ಲೊಂದು ಬೇವಿನ ಮರದ ಕೆಳಗೆ ಅವನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ನಮ್ಮವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಚಟ್ನಿ ತಿಂದೆವು. ಆ ದಿನದಷ್ಟು ಸುಖವಾಗಿ ನಾನು ಮತ್ತೆ ಯಾವತ್ತೂ ಉಂಡಿಲ್ಲ.

ಆ ಸುಮಾರಿಗೆ ಬೀದರಿನಲ್ಲಿ ಹೊಸ ಕಾಲೇಜು ಶುರುವಾಗುತ್ತದೆ, ಇತಿಹಾಸ ಪಾಠ ಮಾಡಲು ಒಬ್ಬರು ಬೇಕು ಎಂಬ ಸುದ್ದಿ ಬಂತು. ಕನ್ನಡದಲ್ಲಿ ಅಚ್ಚಾದ ಒಂದು ಸಂಶೋಧನ ಲೇಖನವಾದರೂ ಇರಬೇಕು ಎಂಬುದು ಆಯ್ಕೆಯವರ ಶರತ್ತು. ಭಾಯಿಯ ಉರ್ದು ಸಾಲೆ ಮುಂದಿನ ವರ್ಷ ಮುಚ್ಚುವುದು ಖಾತ್ರಿಯಾಗಿತ್ತು. ಈ ನೌಕರಿ ಸಿಕ್ಕರೆ ಈ ನೆಲದಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ಕರಾಚಿಯಲ್ಲಿ ಹೆಂಡತಿಯ ಅಣ್ಣನಿದ್ದಾನೆ, ಅವನು ಬಾ ಬಾ ಎಂದು ಪತ್ರ ಬರೆಯುತ್ತಲೇ ಇದ್ದಾನೆ. "ನನಗ ಹೋಗೋ ಮನಸ್ಸಿಲ್ರಿ," ಎಂದಿದ್ದ. "ಅಣ್ಣ ಎಲ್ಲಿ ಬಿದ್ದಾನೋ ಗೊತ್ತಿಲ್ಲ. ಅವನ್ನ ಇಲ್ಲಿ ಬಿಟ್ಟು ಹ್ಯಾಂಗ ಹೋಗ್ಲಿ?"

ನಾನು ಅದೇ ನೌಕರಿಗೆ ಅರ್ಜಿ ಹಾಕಿದೆ. ಹಾಕಿದ್ದು ತಪ್ಪಲ್ಲ. ಕುರಿ ಕಾಯುವವನ ಮಗ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಯಾವ ನಿಜಾಮನೂ ಕಂಡಿರಲಿಲ್ಲ, ನನಗೂ ಆಸೆ ಇತ್ತು. ತಪ್ಪು ಏನೆಂದರೆ ಅವನಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದೆ. ಔರಾದ ಸೀಮೆಯ ಕುರಿಗಾರರ ವೀರಗಲ್ಲುಗಳ ಬಗ್ಗೆ ನನ್ನದೊಂದು ಲೇಖನ ಬರೆದು, ಗಂಜಿಗೆ ಹೋಗಿ ಪೇಶಕಾರರ ಕೈಗೆ ಕೊಟ್ಟು ಬಂದೆ. ಅವರಿಗೂ ಅರ್ಜಿಯ ಸುದ್ದಿ ಹೇಳಲಿಲ್ಲ.

ಮೃಗಶಿರ ಮಳೆ ಹಿಡಿದ ಹೊತ್ತಿಗೆ ಔರಾದದ ಟಪಾಲಿನಲ್ಲಿ ನನಗೊಂದು ಕಟ್ಟು ಬಂತು. ಪೇಶಕಾರರ ದುಂಡು ಅಕ್ಷರ, ಹೆಸರಿಲ್ಲದ ಲೇಖನ, ಮೇಲೆ ಗರಜಿನ ಚೀಟಿ. ಮೊದಲ ಸಾಲಿನಲ್ಲೇ ನೌಬಾದ. ಹೆಸರು ತೆಗೆದರೇನು? ಅವನು ಜೀವನದಲ್ಲಿ ಕನ್ನಡದಲ್ಲಿ ಬರೆದ ಮೊದಲ ಬರಹ ಅದು. ವಾಕ್ಯಗಳು ಗಿಡ್ಡ, ಆದರೆ ಒಂದೂ ಅಲುಗಾಡುವಂತಿರಲಿಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ, ಅದಕ್ಕೇ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಚೀಟಿಯ ಮುಂದೆ ಕುಳಿತೆ. ಬರೆದವನು ನನ್ನ ಗೆಳೆಯ, ಅಳತೆಗೆ ಹಗ್ಗ ಹಿಡಿದವನು ನಾನು, ಇಬ್ಬರದೂ ಒಂದೇ ನೌಕರಿಯ ಮೇಲೆ ಕಣ್ಣು. ಇದಕ್ಕಿಂತ ಹೆಚ್ಚಿನ ಗರಜು ಇನ್ನೇನಿರಬೇಕು? ಎರಡು ಶಬ್ದ ಬರೆದು ವಾಪಸು ಟಪಾಲಿಗೆ ಹಾಕಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. "ಗರಜ ಇಲ್ಲ" ಎಂದು ಬರೆದು ಸಹಿ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಲೇಖನ ಕೆಟ್ಟದ್ದು ಎಂದು ಬರೆಯುವಷ್ಟು ಮೂರ್ಖ ನಾನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲೇಖನ ಉತ್ತಮವಾಗಿದೆ, ಆದರೆ ಏಳನೆಯ ಬಾವಿಯ ಅಳತೆ ಹಸಿ ಹಗ್ಗದಿಂದ ಆದದ್ದು ಎಂದು ಬರೆದೆ. ನಾರಿನ ಹಗ್ಗ ನೆನೆದರೆ ಗಿಡ್ಡಾಗುತ್ತದೆ, ಗಂಟುಗಳು ಹತ್ತಿರ ಬಂದು ಆಳ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ಇಳಿಜಾರಿನ ವಾದವೆಲ್ಲ ಈ ಅಳತೆಗಳ ಮೇಲೆ ನಿಂತಿರುವುದರಿಂದ ಒಣ ಹಗ್ಗದಿಂದ ಮತ್ತೆ ಅಳೆದ ಮೇಲೆ ಅಚ್ಚು ಮಾಡುವುದು ಯೋಗ್ಯ. ಒಂದಕ್ಷರವೂ ಸುಳ್ಳಲ್ಲ. ಮಳೆ ಶುರುವಾಗಿದೆ, ಸುರಂಗದಲ್ಲಿ ನೀರು ಏರಿ ಹರಿಯುತ್ತದೆ, ಕಲ್ಲು ತಳದಲ್ಲಿ ನಿಲ್ಲುವುದಿಲ್ಲ, ಬೇಸಿಗೆವರೆಗೆ ಯಾರಿಂದಲೂ ಅಳೆಯಲಾಗದು, ಆಯ್ಕೆ ದಸರೆ ಮುಗಿದ ಕೂಡಲೇ ಇದೆ ಎಂಬುದೆಲ್ಲ ನನಗೆ ಗೊತ್ತಿತ್ತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿರುವವನು ಪಕ್ಕದವನ ಎಲೆಯ ನೊಣ ಹುಡುಕಿದ ಹಾಗೆ.

ಆದರೆ ಜಾಣರಿಗೂ ಒಂದು ಕಡೆ ಬುದ್ಧಿ ಕೆಡುತ್ತದೆ. ಹಗ್ಗ ಹಸಿ ಇತ್ತು ಎಂಬ ಮಾತು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ಹೊಳೆದದ್ದು ಕಟ್ಟನ್ನು ಟಪಾಲಿಗೆ ಹಾಕಿ ಮೂರು ದಿನವಾದ ಮೇಲೆ, ಪಾಠ ಮಾಡುತ್ತಿದ್ದಾಗ. ಪೇಶಕಾರರು ಓದಿದವರ ಹೆಸರು ಬಿಟ್ಟು ತಕರಾರನ್ನು ಹಾಗೆಯೇ ನಕಲು ಮಾಡಿ ಬರೆದವರಿಗೆ ಕಳಿಸುತ್ತಿದ್ದರು. ಅವನಿಗೆ ತಿಳಿಯದೆ ಇರುತ್ತದೆಯೇ? ಇಲ್ಲ, ತಿಳಿಯಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಷಾಢದ ಒಂದು ರವಿವಾರ ಸರ್ವೀಸ್ ಮೋಟಾರಿನಿಂದ ಅವನೇ ಔರಾದದಲ್ಲಿ ಇಳಿದ. ಮೊಣಕಾಲಿನವರೆಗೆ ಕೆಸರು. ನಮ್ಮವ್ವ ಬಿಸಿ ನೀರು ಕೊಟ್ಟು, "ಯಾಕ ತಮ್ಮಾ, ಸೊರಗಿದಿ?" ಎಂದಳು. ಅವನು ನಕ್ಕು ಚಹಾ ಕುಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಓದಿದವರು ಒಂದು ತಕರಾರು ಬರ್ದಾರ್ರಿ ಮಾಸ್ತರ. ಏಳನೇ ಬಾವಿ ಮತ್ತ ಅಳೀಬೇಕಂತ."

"ಹೌದೇನ್ರಿ?" ಎಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು.

"ಖರೇ ತಕರಾರದ. ಮಳಿ ಎರಡು ದಿನದಿಂದ ಬಿಟ್ಟದ, ನೀರು ಸ್ವಲ್ಪ ಇಳಿದೀತು. ಹಗ್ಗ ಹಿಡೀಲಿಕ್ಕ ಬರ್ತೀರೇನ್ರಿ?"

ನಾನು ಅವನ ಮುಖ ನೋಡಲಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಕೆಲಸ ಇದೆ, ಅಪ್ಪನ ಕೈಲಾಗುವುದಿಲ್ಲ, ಈ ವಾರ ಆಗದು ಎಂದೆ. ಮಳೆಗಾಲದ ನಡುವೆ ಯಾರಪ್ಪಾ ಉಣ್ಣೆ ಕತ್ತರಿಸುತ್ತಾರೆ! ಅವನು ಹತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದವನು, ಅವನಿಗೂ ಗೊತ್ತಿತ್ತು. ಒಳಗಿದ್ದ ನಮ್ಮವ್ವ ಬಾಗಿಲಿಗೆ ಬಂದು ನನ್ನನ್ನು ಒಂಥರಾ ನೋಡಿದಳು. ಅವನು ಇನ್ನೂ ಸ್ವಲ್ಪ ಹೊತ್ತು ಕುಳಿತ. ಏನೋ ಕಾಯುತ್ತಿರುವವನ ಹಾಗೆ ಖಾಲಿ ಬಟ್ಟಲನ್ನು ತಿರುಗಿಸುತ್ತಿದ್ದ. ಆಮೇಲೆ, "ಆಯ್ತು, ಹಗ್ಗ ಆದ್ರೂ ಕೊಡ್ರಿ," ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಮೋಟಾರಿಗೆ ಹೋದ.

ದಸರೆಗೆ ಸಂಚಿಕೆ ಬಂತು. ವೀರಗಲ್ಲುಗಳ ಲೇಖನ ಇತ್ತು, ಸುರಂಗದ ಲೇಖನ ಇರಲಿಲ್ಲ. ನೌಕರಿ ನನಗೆ ಸಿಕ್ಕಿತು. ದೀಪಾವಳಿ ಎದುರಿಗೆ ಪೇಢೆ ಕಟ್ಟಿಸಿಕೊಂಡು ಗಂಜಿನ ಕೋಣೆಗೆ ಹೋದೆ. ಪೇಶಕಾರರು ಪೇಢೆಯ ಪುಡಿಕೆ ಬಿಚ್ಚಲಿಲ್ಲ. ಪೆಟ್ಟಿಗೆಯಿಂದ ಎರಡು ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಒಂದು ನನ್ನದು, "ಗರಜ ಇಲ್ಲ." ಇನ್ನೊಂದರ ಅಕ್ಷರ ನಾನೇ ಪಾಟಿಯ ಮೇಲೆ ತಿದ್ದಿಸಿದ್ದು.

"ಗರಜ ಅದ. ಈ ಲೇಖನದವರೂ ನಾನೂ ಒಂದೇ ನೌಕರಿಗಿ ಅರ್ಜಿ ಹಾಕೀವಿ. ಮತ್ತ ಅವರು ನನ್ನ ದೋಸ್ತ ಇದ್ದಾರ. ನಾ ಓದಬಾರದು."

ನನ್ನ ಲೇಖನವನ್ನು ಪೇಶಕಾರರು ಓದಲು ಕಳಿಸಿದ್ದು ಅವನಿಗೆ. ಈ ವಿಷಯ ಬಲ್ಲವರು ಜಿಲ್ಲೆಯಲ್ಲಿ ಇನ್ನೆಷ್ಟು ಮಂದಿ ಇದ್ದರು? ಇವನದು ನನಗೆ, ನನ್ನದು ಇವನಿಗೆ. ನನ್ನ ಅರ್ಜಿಯ ಸುದ್ದಿ ಅವನಿಗೆ ಅರ್ಜಿ ಕೊಡಲು ಹೋದ ಕಚೇರಿಯಲ್ಲಿ ಮೊದಲೇ ಗೊತ್ತಾಗಿತ್ತಂತೆ. ಕಟ್ಟು ಬಿಚ್ಚಿ ಮೊದಲ ಪುಟ ನೋಡಿ, ನನ್ನದೆಂದು ತಿಳಿದ ಕೂಡಲೇ ವಾಪಸು ಕಳಿಸಿದ್ದ. ಅದನ್ನು ಮುಂದೆ ಕಲಬುರಗಿಯ ಒಬ್ಬರು ಓದಿದರು.

"ಇದು ಬರೋದ್ರಾಗ ನಿಮ್ಮ ತಕರಾರು ಅವರಿಗಿ ಮುಟ್ಟಿತ್ತು," ಎಂದರು ಪೇಶಕಾರರು. "ನನಗ ಸಿಟ್ಟು ಬಂದು, ತಕರಾರು ತೆಗೆದು ಒಗೀತೇನಿ, ಅಚ್ಚು ಮಾಡ್ತೇನಿ ಅಂದೆ. ಅವರೇ ಬ್ಯಾಡ ಅಂದ್ರು. ಅಳತಿ ತಪ್ಪಿದ್ರ ಅಚ್ಚು ಬ್ಯಾಡ್ರಿ, ಮಾಸ್ತರ ಹೆಸರು ಎತ್ತಬ್ಯಾಡ್ರಿ ಅಂದ್ರು. ಅದಾಲತಿನಾಗ ಸುಳ್ಳು ಸಾಕ್ಷಿ ಭಾಳ ನೋಡೇನ್ರಿ ನಾ. ಖರೇ ಹೇಳಿ ಮನಿ ಮುರದವರ್ನ ನೋಡಿರ್ಲಿಲ್ಲ."

ಪೇಢೆಯ ಪುಡಿಕೆ ತೆಗೆದುಕೊಂಡು ಹೋಗಿ ಎಂದು ಅವರು ಕೈ ತೋರಿಸಿದರು. ಇಳಿದು ಬರುವಾಗ ಅದನ್ನು ಹಮಾಲರಿಗೆ ಕೊಟ್ಟೆ. ಅವರು ಏನು ಖುಷಿ ಎಂದು ಕೇಳಿದರು.

ಅಂದೇ ಭಾಲ್ಕಿಗೆ ಓಡಬೇಕಿತ್ತು. ಆರು ತಿಂಗಳು ಹೋಗಲಿಲ್ಲ. ನಾಚಿಕೆಗೆ ಹೆದರಿಕೆ ಕೂಡಿದರೆ ಮನುಷ್ಯ ಕಲ್ಲಾಗುತ್ತಾನೆ. ಬೇಸಿಗೆಯಲ್ಲಿ ಅವರು ಹೊರಟಿದ್ದಾರೆ ಎಂದು ಸುದ್ದಿ ಬಂದಾಗ ಹೋದೆ. ಭಾಲ್ಕಿ ಸ್ಟೇಷನ್ನಿನಲ್ಲಿ ಎರಡು ಟ್ರಂಕು, ಒಂದು ಹಾಸಿಗೆಯ ಸುರುಳಿ, ಹೆಂಡತಿ, ಮಗಳು. ಹುಡುಗಿ ಟ್ರಂಕಿನ ಮೇಲೆ ಕುಳಿತು ಸ್ಟೇಷನ್ನಿನ ಹೊಸ ಕನ್ನಡ ಬೋರ್ಡನ್ನು ಜೋರಾಗಿ ಓದುತ್ತಿದ್ದಳು.

"ಭಾಯಿ," ಎಂದೆ. ಅತ್ತುಬಿಟ್ಟೆ.

ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. "ಅಳಬ್ಯಾಡ್ರಿ. ಮಗಳು ನೋಡ್ತಾಳ," ಎಂದ. "ನೀವು ಬರ್ದದ್ದು ಖರೇನೇ ಇತ್ತಲ್ರಿ. ಹಗ್ಗ ಹಸಿ ಇತ್ತು."

"ಗೊತ್ತಿತ್ತು ನಿಮಗ. ಯಾಕ ಬಾಯಿ ಬಿಡ್ಲಿಲ್ಲ? ಔರಾದಕ್ಕ ಬಂದಾಗ ಕಪಾಳಕ್ಕ ಒಂದು ಹೊಡೀಬೇಕಿತ್ತು!"

"ನೀವು ಹೇಳ್ತೀರಂತ ಕಾದೆ ಮಾಸ್ತರ. ಆ ದಿನ ಹಗ್ಗಕ್ಕಂತ ಬಂದಿರ್ಲಿಲ್ರಿ ನಾ. ನೀವು ಒಂದು ಮಾತು ಹೇಳಿದ್ರ ಸಾಕಿತ್ತು. ನೌಕರಿ ನೀವೇ ಇಟ್ಕೊಳ್ರಿ ಅಂತ ಹೇಳಿ ಹೋಗ್ತಿದ್ದೆ."

ಗಾಡಿ ಬಂತು. ಟ್ರಂಕು ಏರಿಸಿದೆವು. ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದು ಕೊಟ್ಟ. ಕಳೆದ ತಿಂಗಳು ನೀರು ಇಳಿದ ಮೇಲೆ ಕೂಲಿಯವನೊಬ್ಬನನ್ನು ಕರೆದುಕೊಂಡು ಹೋಗಿ ಏಳನೆಯ ಬಾವಿಯನ್ನು ಒಣ ಹಗ್ಗದಿಂದ ಅಳೆದಿದ್ದ. "ಒಂದು ಗೇಣು ಕಡಿಮಿ ಅದ್ರಿ," ಎಂದ. "ತಿದ್ದಿ ಹಾಕ್ರಿ ಅಂತ ಪೇಶಕಾರರಿಗಿ ಹೇಳ್ರಿ." ಗಾಡಿ ಹೊರಟಿತು. ಹುಡುಗಿ ಕೈ ಬೀಸಿದಳು. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ, ನನ್ನನ್ನಲ್ಲ, ಹೊಲಗಳ ಕಡೆಗೆ.

ಒಂದು ಗೇಣು. ಅಷ್ಟರಿಂದ ಅವನ ವಾದಕ್ಕೆ ಕೂದಲಷ್ಟೂ ಊನವಾಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲೇ ನಿಂತು ಹಾಳೆ ಬಿಚ್ಚಿ ಓದಿದೆ. ತಿದ್ದಿದ ಅಳತೆಯ ಕೆಳಗೆ, ಲೇಖನದ ಕೊನೆಗೆ ಸೇರಿಸಬೇಕೆಂದು ಒಂದು ಸಾಲು ಬರೆದಿದ್ದ. "ಏಳನೆಯ ಬಾವಿಯ ಅಳತೆಯಲ್ಲಿ ತಪ್ಪಿರುವುದನ್ನು ತೋರಿಸಿಕೊಟ್ಟ, ಹೆಸರು ಗೊತ್ತಿಲ್ಲದ ಓದುಗರಿಗೆ ನಾನು ಋಣಿ." ಅದು ಕುಹಕವಲ್ಲ. ಕುಹಕ ಮಾಡಲು ಅವನಿಗೆ ಬರುತ್ತಿರಲಿಲ್ಲ. ಹಾಗೆ ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಸಂಚಿಕೆಯಲ್ಲಿ ಲೇಖನ ಆ ಸಾಲಿನೊಂದಿಗೇ ಅಚ್ಚಾಯಿತು. ಪ್ರೂಫು ನಾನು ನೋಡುತ್ತೇನೆ ಎಂದರೆ ಪೇಶಕಾರರು, "ಬ್ಯಾಡ್ರಿ. ನಿಮಗ ಗರಜ ಅದ," ಎಂದರು. ಕರಾಚಿಗೆ ಕಳಿಸಿದ ಪ್ರತಿ ವಿಳಾಸದವರು ಸಿಕ್ಕಲಿಲ್ಲ ಎಂಬ ಮುದ್ರೆ ಹೊತ್ತು ತಿರುಗಿ ಬಂತು. ಮತ್ತೆ ಎರಡು ಸಲ ಕಳಿಸಿದೆ, ಎರಡು ಸಲವೂ ಬಂತು.

ನಾನು ಆ ಕಾಲೇಜಿನಲ್ಲಿ ಇಡೀ ಆಯುಷ್ಯ ಪಾಠ ಮಾಡಿದೆ. ನೌಬಾದದ ಸುರಂಗದ ಬಗ್ಗೆ ಬರೆಯುವ ಯಾರೇ ಆಗಲಿ, ಮೊದಲು ಆ ಲೇಖನವನ್ನೇ ಓದುತ್ತಾರೆ. ಓದಿದ ಹುಡುಗ ಹುಡುಗಿಯರು ಕೊನೆಯ ಸಾಲಿಗೆ ಬೆರಳಿಟ್ಟು ನನ್ನನ್ನು ಕೇಳುತ್ತಿದ್ದರು. "ಈ ಓದಿದವರು ಯಾರ್ರಿ ಸರ್? ಭಾಳ ಶ್ಯಾಣ್ಯಾರಿದ್ದಂಗ ಕಾಣ್ತದ." ಪ್ರತಿ ಸಲವೂ ಗೊತ್ತಿಲ್ಲಪ್ಪ ಎಂದೆ. ಅಂದರೆ ಆ ಸುಳ್ಳು ಚೀಟಿಗೆ ಪ್ರತಿ ವರ್ಷವೂ ಹೊಸದಾಗಿ ಸಹಿ ಹಾಕಿದೆ.

ಓದಿದವನು ನಾನು. ಗರಜ ಇತ್ತು.